ಕಾಫಿ ತೋಟದ ಕೆಲಸಗಾರರ ಹೃದಯ: ಒಂದು ದಿನದ ಶಿಬಿರ ಸಾಲದು

ವರ್ಷಕ್ಕೊಮ್ಮೆ ವೈದ್ಯರನ್ನು ತೋಟಕ್ಕೆ ಕರೆಸಿ ಎಲ್ಲರ ಬಿಪಿ ನೋಡಿಸಿಬಿಟ್ಟರೆ ಹೃದಯಾಘಾತ ತಪ್ಪುವುದಿಲ್ಲ. ಬಿಪಿ ಹೆಚ್ಚಿದ್ದವರು ಮೂರು ತಿಂಗಳ ನಂತರವೂ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ವಿಚಾರಿಸುವವರೊಬ್ಬರು ಬೇಕು. ಶಿಬಿರಕ್ಕಿಂತ ಮೊದಲು ಆ ವ್ಯಕ್ತಿಯನ್ನು ಗೊತ್ತುಮಾಡಿಕೊಳ್ಳಿ.

ಮೊದಲ ಸುತ್ತನ್ನು ಅಕ್ಟೋಬರ್–ನವೆಂಬರಿನಲ್ಲೇ ಮುಗಿಸಿ. ಕೊಯ್ಲು ಶುರುವಾದ ಮೇಲೆ ಕಿಲೋ ಲೆಕ್ಕದ ಕೂಲಿ ಬಿಟ್ಟು ಯಾರೂ ಬರುವುದಿಲ್ಲ. ತಪಾಸಣೆಯ ಹೊತ್ತನ್ನೂ ಹಾಜರಿಗೆ ಸೇರಿಸುವುದು ನ್ಯಾಯ. 30 ದಾಟಿದ ಎಲ್ಲರನ್ನೂ ನೋಡಿ. ಕುಳಿತು ಲೆಕ್ಕ ಬರೆಯುವ ರೈಟರ್, ಜೀಪಿನ ಡ್ರೈವರ್ ಬಿಟ್ಟುಹೋಗದಿರಲಿ.

ತೋಳಿಗೆ ಸುತ್ತುವ ಡಿಜಿಟಲ್ ಯಂತ್ರ ಕೊಳ್ಳಿ, ಮಣಿಕಟ್ಟಿನದು ಬೇಡ. ಅದರ ಜೊತೆಗೆ ಬರುವ ಪಟ್ಟಿ ಸಾಮಾನ್ಯವಾಗಿ 22–32 ಸೆಂ.ಮೀ. ಸುತ್ತಳತೆಯ ತೋಳಿಗೆ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಬಿಪಿ ಇಲ್ಲದವರಿಗೂ ಇದೆಯೆಂದು ತೋರಿಸುತ್ತದೆ. ದೊಡ್ಡ ಪಟ್ಟಿ ಒಂದಿರಲಿ. ಕೊಡಗಿನ ಚಳಿಯಲ್ಲಿ ಸ್ವೆಟರ್ ಮೇಲೆಯೇ ಪಟ್ಟಿ ಸುತ್ತುವುದು, ಏರು ಹತ್ತಿ ಬಂದ ಕೂಡಲೇ ಅಳೆಯುವುದು, ಇವೆರಡೂ ಲೆಕ್ಕ ಕೆಡಿಸುತ್ತವೆ. ಅಳೆಯುವ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ, ಹೊಗೆಸೊಪ್ಪು ಬೇಡ. 5 ನಿಮಿಷ ಸುಮ್ಮನೆ ಕೂರಲಿ: ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದ ಮೇಜಿನ ಮೇಲೆ. ಮಾತು ಬೇಡ. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಎರಡನ್ನೂ ಬರೆಯಿರಿ.

140/90 ಅಥವಾ ಹೆಚ್ಚು ಬಂದರೆ ಬೇರೊಂದು ದಿನ ಮತ್ತೆ ನೋಡಿ, ಆಗಲೂ ಹಾಗೇ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ. 180/110 ದಾಟಿದರೆ ಅದೇ ದಿನ ವೈದ್ಯರ ಬಳಿಗೆ. ಜೊತೆಗೆ ಎದೆನೋವು, ಉಸಿರುಕಟ್ಟು, ಮಾತು ತೊದಲುವುದು ಇದ್ದರೆ ತಡಮಾಡದೆ 108ಕ್ಕೆ ಕರೆಮಾಡಿ.

ಬಿಪಿ ಮಾತ್ರೆ ಸರ್ಕಾರಿ ಕೇಂದ್ರದಲ್ಲಿ ಉಚಿತ. ಆದರೂ ಬಿಡುತ್ತಾರೆ: ಅಳತೆ ಸರಿಯಾದಾಗ "ವಾಸಿಯಾಯ್ತು" ಅನ್ನಿಸುತ್ತದೆ, ಮಾತ್ರೆ ತರಲು ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಅಳತೆ ಸರಿಯಾಗಿರುವುದೇ ಮಾತ್ರೆಯಿಂದ ಎಂದು ಅವರವರ ಭಾಷೆಯಲ್ಲಿ ತಿಳಿಹೇಳಿ. ತಿಂಗಳಿಗೊಂದು ದಿನ ಗೊತ್ತುಮಾಡಿ ತೋಟದ ಜೀಪಿನಲ್ಲೇ ಎಲ್ಲರನ್ನೂ ಕರೆದೊಯ್ಯಿರಿ. ಕೊಯ್ಲು ಮುಗಿಸಿ ಹೊರರಾಜ್ಯಕ್ಕೆ ಮರಳುವವರಿಗೆ ಮಾತ್ರೆಯ ಹೆಸರು, ಪ್ರಮಾಣ ಬರೆದ ಚೀಟಿ ಕೊಡಿ. ಬಿಪಿ ಪುಸ್ತಕ ಬೀಗದೊಳಗಿರಲಿ, ಹಾಜರಿ ಪುಸ್ತಕದ ಜೊತೆಗಲ್ಲ. ಬಿಪಿ ಇದೆಯೆಂದು ಒಬ್ಬರ ಕೆಲಸ ಹೋದರೂ ಮುಂದಿನ ಸಲ ಯಾರೂ ತೋಳು ಚಾಚುವುದಿಲ್ಲ.

ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರದಿರಲಿ. ಗಂಜಿಯ ಜೊತೆಗಿನ ಒಣಮೀನು, ಉಪ್ಪಿನಕಾಯಿ ಸೇರಿಸಿಯೇ ಈ ಲೆಕ್ಕ. ಹೊಗೆಸೊಪ್ಪು ಬಿಡಿಸುವುದು ಇದಕ್ಕಿಂತ ಕಷ್ಟ, ಆದರೆ ಲಾಭವೂ ದೊಡ್ಡದು.

ಎದೆ ಹಿಂಡಿದಂತೆ ನೋವು, ತಣ್ಣನೆ ಬೆವರು, ತೋಳಿಗೋ ದವಡೆಗೋ ಹರಡುವ ಸೆಳೆತ ಕಂಡಾಗ ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸುವುದೇ ಜೀವ ತೆಗೆಯುವ ತಪ್ಪು. ದೊಡ್ಡ ಹೃದಯ ಆಸ್ಪತ್ರೆ ಇರುವ ಮೈಸೂರು ಮಡಿಕೇರಿಯಿಂದ ಸುಮಾರು 120 ಕಿ.ಮೀ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಮೂರು ಗಂಟೆಯೊಳಗೆ ಹೆಚ್ಚು ಫಲ ಕೊಡುತ್ತದೆ. ಇಸಿಜಿ ಮತ್ತು ಆ ಚುಚ್ಚುಮದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಗಲುರಾತ್ರಿ ಸಿಗುತ್ತದೆ ಎಂದು ಇವತ್ತೇ ಕೇಳಿ, ಅದರ ಫೋನ್ ನಂಬರ್ ಕೆಲಸಗಾರರು ಇರುವ ಲೈನ್ ಮನೆಯ ಗೋಡೆಗೆ ಅಂಟಿಸಿ. ತೋಟದಲ್ಲಿ ಸಿಗ್ನಲ್ ಸಿಗುವ ಜಾಗ ಯಾವುದು, ರಾತ್ರಿ ಜೀಪಿನ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.