ಕುದುರೆ ಸವಾರಿಯ ಸೇಫ್ಟಿ ವೆಸ್ಟ್: ಮೈಗೆ ಸರಿಯಾಗಿ ಕೂರುವುದನ್ನು ಆರಿಸುವುದು ಹೇಗೆ

ಕುದುರೆಯಿಂದ ಬಿದ್ದಾಗ ಪೆಟ್ಟು ತಿನ್ನುವುದು ವೆಸ್ಟಿನೊಳಗಿನ ಫೋಮ್. ಆದರೆ ಬೀಳುವ ಕ್ಷಣದಲ್ಲಿ ಅದು ಪಕ್ಕೆಲುಬಿನ ಮೇಲೆಯೇ ಇರಬೇಕಲ್ಲ! ಸಡಿಲವಾದ ವೆಸ್ಟ್ ಬೀಳುವಾಗ ಮೇಲಕ್ಕೆ ಸರಿದು ಕೆಳಗಿನ ಪಕ್ಕೆಲುಬುಗಳನ್ನು ಬರಿದಾಗಿಸುತ್ತದೆ. ಬೆನ್ನಿನ ಕಡೆ ಉದ್ದವಾದದ್ದು ಜೀನಿಗೆ ತಾಗಿ ಹೆಲ್ಮೆಟ್ಟಿನ ಹಿಂಬದಿಯನ್ನು ತಳ್ಳುತ್ತದೆ. ಹಾಗಾಗಿ ಎಷ್ಟೇ ದುಬಾರಿ ವೆಸ್ಟಾದರೂ ಅಳತೆ ತಪ್ಪಿದ್ದರೆ ಕೊಳ್ಳಬೇಡಿ.

ಮೊದಲು ಒಳಗಿನ ಲೇಬಲ್ ಓದಿ. ಯುರೋಪಿನ ಮಾನದಂಡ ಇಎನ್ 13158. ಇದರಲ್ಲಿ ಮೂರು ಹಂತಗಳಿವೆ. ಮೂರನೆಯ ಹಂತವೇ ಹೆಚ್ಚು ಪೆಟ್ಟು ತಡೆಯುವಂಥದ್ದು. ಸವಾರಿ ಕಲಿಯುವವರಿಗೆ, ಜಿಗಿತಕ್ಕೆ, ಹೊರಗಿನ ಸವಾರಿಗೆ ಅದನ್ನೇ ಕೊಳ್ಳಿ. ತೂಕ ಉಳಿಸಬೇಕಾದ ರೇಸ್ ಜಾಕಿಗಳಿಗೆಂದು ಇರುವುದು ಕೆಳಹಂತದ ತೆಳು ವೆಸ್ಟ್. ಬ್ರಿಟನ್ನಿನ ಕುದುರೆ ಸವಾರಿ ಸಾಮಗ್ರಿ ವ್ಯಾಪಾರಿಗಳ ಸಂಘವಾದ ಬೀಟಾದ ಲೇಬಲ್ಲಿನಲ್ಲಿ ಮೂರನೆಯ ಹಂತಕ್ಕೆ 2009ರ ಆವೃತ್ತಿ ನೇರಳೆ ಬಣ್ಣದ್ದು, 2018ರದ್ದು ನೀಲಿ. ಅಮೆರಿಕದ ವೆಸ್ಟುಗಳಲ್ಲಿ ಅಲ್ಲಿನ ಮಾನದಂಡದ ಹೆಸರು ಎಎಸ್‌ಟಿಎಂ ಎಫ್1937 ಎಂದಿರುತ್ತದೆ. ಯಾವ ಲೇಬಲ್ಲೂ ಇಲ್ಲದ ದಪ್ಪ ಜಾಕೆಟ್ಟನ್ನು ನಂಬಬೇಡಿ, ಮುಟ್ಟಿದರೆ ಎಷ್ಟೇ ಗಟ್ಟಿ ಎನಿಸಲಿ.

ಅಳತೆ ತೆಗೆಯುವಾಗ ಸವಾರಿಗೆ ಹಾಕುವ ತೆಳು ಅಂಗಿಯೇ ಮೈಮೇಲಿರಲಿ. ಹೆಂಗಸರು ಸವಾರಿಗೆ ಹಾಕುವ ಸ್ಪೋರ್ಟ್ಸ್ ಬ್ರಾ ಹಾಕಿಕೊಂಡೇ ಅಳೆಯಬೇಕು. ಮೂರು ಅಳತೆ ಬೇಕು: ಎದೆಯ ಅತಿ ಅಗಲವಾದ ಕಡೆ ಸುತ್ತಳತೆ, ಸೊಂಟದ ಸುತ್ತಳತೆ, ಮತ್ತು ಮುಂದಿನ ಸೊಂಟದಿಂದ ಭುಜದ ಮೇಲಾಗಿ ಹಿಂದಿನ ಸೊಂಟದವರೆಗಿನ ಉದ್ದ. ಆನ್‌ಲೈನಿನಲ್ಲಿ ತರಿಸುವವರು ಬಹುತೇಕ ಎಡವುವುದು ಈ ಮೂರನೆಯದರಲ್ಲಿ. ಎದೆ ಅಳತೆ ಒಂದೇ ಇದ್ದರೂ ಮುಂಡದ ಉದ್ದ ಒಬ್ಬೊಬ್ಬರದು ಒಂದೊಂದು ಥರ. ಸ್ವಂತ ಅಳತೆ ಸ್ವಂತ ಕೈಯಿಂದ ಸರಿಬರುವುದಿಲ್ಲ, ಟೇಪು ಇನ್ನೊಬ್ಬರ ಕೈಗೆ ಕೊಡಿ.

ವೆಸ್ಟ್ ಬಂದ ಮೇಲೆ ವೆಲ್ಕ್ರೋಗಳನ್ನೆಲ್ಲ ಸಡಿಲಿಸಿ ಹಾಕಿಕೊಳ್ಳಿ. ಜಿಪ್ ಎಳೆದು ಮೊದಲು ಭುಜದ ಪಟ್ಟಿ ಹೊಂದಿಸಿ, ಆಮೇಲೆ ಪಕ್ಕದವು. ಎಡಬಲ ಎರಡೂ ಸಮವಾಗಿರಲಿ. ಆಮೇಲೆ ಕನಿಷ್ಠ 5 ನಿಮಿಷ ಹಾಗೆಯೇ ಓಡಾಡಿ. ಹೆಚ್ಚಿನ ಫೋಮ್ ಮೈಬಿಸಿಗೆ ಮೆತ್ತಗಾಗಿ ಮೈಯ ಆಕಾರಕ್ಕೆ ಬರುತ್ತದೆ. ಅಂಗಡಿಯಲ್ಲಿ ಹಾಕಿದ ಕೂಡಲೇ ಬಿಗಿ ಎನಿಸಿದ್ದು ಅಷ್ಟರಲ್ಲಿ ಸಡಿಲವಾಗಿರಬಹುದು. ಆಗ ಮತ್ತೊಮ್ಮೆ ಬಿಗಿಮಾಡಿ. ವೆಲ್ಕ್ರೋ ಪೂರ್ತಿಯಾಗಿ ಒಂದರ ಮೇಲೊಂದು ಕೂರದೆ ತುದಿಯಲ್ಲಷ್ಟೇ ಹಿಡಿದಿದ್ದರೆ ಆ ಸೈಜು ನಿಮ್ಮದಲ್ಲ.

ಈಗ ಕನ್ನಡಿ ಮುಂದೆ ನಿಲ್ಲಿ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಕೈಗೆ ಸಿಗುವ ಉಬ್ಬಿದ ಮೂಳೆಯವರೆಗೆ ಹಿಂದಿನ ಮೇಲಂಚು ತಲುಪಬೇಕು. ಭುಜದ ಭಾಗ ಕಾಲರ್‌ಬೋನನ್ನು ಮುಚ್ಚಬೇಕು. ಮುಂದಿನ ಕೆಳಅಂಚು ಕೊನೆಯ ಪಕ್ಕೆಲುಬಿಗಿಂತ ಸುಮಾರು 25 ಮಿಲಿಮೀಟರ್ ಕೆಳಗೆ ಬರಬೇಕು. ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ: ವೆಸ್ಟ್ ಮೈಬಿಟ್ಟು ಮೇಲೇರಿದರೆ ಸಡಿಲ. ದೀರ್ಘವಾಗಿ ಉಸಿರೆಳೆಯಲು ಆಗದಿದ್ದರೆ ಅತಿಬಿಗಿ.

ನಿಂತು ನೋಡಿದ್ದು ಅರ್ಧ ಪರೀಕ್ಷೆ ಮಾತ್ರ. ಕುದುರೆಯ ಮೇಲೋ ಸ್ಟ್ಯಾಂಡಿಗೆ ಹಾಕಿದ ಜೀನಿನ ಮೇಲೋ ಕೂತು, ಕಾಲಿಡುವ ರಿಕಾಪನ್ನು ನಿಮ್ಮ ಮಾಮೂಲಿ ಉದ್ದಕ್ಕೆ ಇಟ್ಟುಕೊಳ್ಳಿ. ವೆಸ್ಟಿನ ಹಿಂದಿನ ಕೆಳಅಂಚಿಗೂ ಜೀನಿಗೂ ನಡುವೆ ಒಂದು ಅಂಗೈ ಅಗಲದಷ್ಟು, ಅಂದಾಜು 10 ಸೆಂಟಿಮೀಟರ್, ಜಾಗ ಇರಬೇಕು. ಜಿಗಿತದ ಭಂಗಿಯಲ್ಲಿ ಮುಂದೆ ಬಾಗಿ, ಎರಡೂ ಕೈ ಚಾಚಿ ಲಗಾಮು ಹಿಡಿದಂತೆ ಮಾಡಿ. ಕಂಕುಳಲ್ಲಿ ಒತ್ತುತ್ತಿದೆಯೇ, ಮುಂದಿನ ಅಂಚು ಗಂಟಲಿಗೆ ತಾಗುತ್ತಿದೆಯೇ, ತಲೆಯೆತ್ತಿದಾಗ ಹೆಲ್ಮೆಟ್ ಹಿಂದೆ ಮುಟ್ಟುತ್ತಿದೆಯೇ ಎಂದು ನೋಡಿ. ಇದರಲ್ಲಿ ಒಂದಿದ್ದರೂ ಬೇರೆ ಉದ್ದದ್ದು ಬೇಕು.

ಮಕ್ಕಳಿಗೆ "ಮುಂದಿನ ವರ್ಷಕ್ಕೂ ಆಗಲಿ" ಎಂದು ದೊಡ್ಡದು ತರಬೇಡಿ. ಬೆಳೆಯುವ ಮಗುವಿನ ವೆಸ್ಟನ್ನು ಕೆಲವು ತಿಂಗಳಿಗೊಮ್ಮೆ ಜೀನಿನ ಮೇಲೆ ಕೂರಿಸಿಯೇ ಮತ್ತೆ ಪರೀಕ್ಷಿಸಿ.

ಜೀನಿಗೆ ದಾರ ಕಟ್ಟಿ, ಬಿದ್ದಾಗ ಗ್ಯಾಸಿನಿಂದ ಉಬ್ಬುವ ಏರ್ ವೆಸ್ಟ್ ಫೋಮ್ ವೆಸ್ಟಿನ ಬದಲಿಗಲ್ಲ. ಅದನ್ನು ಫೋಮಿನ ಮೇಲೆ ಹಾಕಿಕೊಳ್ಳಬೇಕು. ದಾರ ಎಳೆಯದೆಯೂ ಬೀಳುವುದುಂಟು; ಉದಾಹರಣೆಗೆ ಕುದುರೆ ಸವಾರನ ಜೊತೆಗೇ ಉರುಳಿದಾಗ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸಿನಲ್ಲಿ ಬೆಳ್ಳಿ ಗೆದ್ದ ಇವೆಂಟಿಂಗ್ ಎಂಬ ಮೂರು ಸುತ್ತಿನ ಸವಾರಿ ಸ್ಪರ್ಧೆಯಲ್ಲಿ, ಬಯಲಿನ ಅಡೆತಡೆಗಳನ್ನು ಹಾರುವ ಕ್ರಾಸ್‌ಕಂಟ್ರಿ ಸುತ್ತಿಗೆ ಬಾಡಿ ಪ್ರೊಟೆಕ್ಟರ್ (ಅಂದರೆ ಫೋಮ್ ವೆಸ್ಟ್) ಕಡ್ಡಾಯ. ಇಷ್ಟಾದರೂ ಯಾವ ಫೋಮ್ ವೆಸ್ಟೂ ಕುತ್ತಿಗೆಯನ್ನು ಕಾಯುವುದಿಲ್ಲ, ಬೆನ್ನುಮೂಳೆ ತಿರುಚಿಕೊಳ್ಳುವುದನ್ನೂ ತಡೆಯುವುದಿಲ್ಲ.

ಪ್ರತಿ ಸಲ ಬಿದ್ದ ಮೇಲೂ ಫೋಮನ್ನು ಕೈಯಿಂದ ಒತ್ತಿ ತಡವಿ. ತಗ್ಗಾದ ಕಡೆ ಅರ್ಧ ಗಂಟೆಯೊಳಗೆ ಮತ್ತೆ ಉಬ್ಬಬೇಕು. ತಗ್ಗು ಹಾಗೇ ಉಳಿದರೆ ಅಲ್ಲಿ ಫೋಮ್ ಸತ್ತಿದೆ, ವೆಸ್ಟ್ ಬದಲಾಯಿಸಿ. ಬೀಳದಿದ್ದರೂ ಬೆವರು, ಬಿಸಿಲಿಗೆ ಫೋಮ್ ಸವೆಯುತ್ತದೆ. 3ರಿಂದ 5 ವರ್ಷಕ್ಕೆ ಹೊಸದು ತನ್ನಿ. ಸವಾರಿ ಮುಗಿದ ಮೇಲೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ನೆರಳಲ್ಲಿ ಹರಡಿ ಆರಿಸಿ. ಎಷ್ಟು ಸಲ ಬಿದ್ದಿದೆಯೋ ಗೊತ್ತಿಲ್ಲದ ಹಳೆಯ ವೆಸ್ಟನ್ನು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.