ಚಕ್ರವರ್ತಿಯ ಮುಖದ ಮೇಲೆ ಮೂರು ಅಕ್ಷರ: ಬಂಡಾಯದ ನಾಣ್ಯವನ್ನು ಶಾಡೂ ಮಣ್ಣಿನಲ್ಲಿ ಮಾಡುವ ಬಗೆ

ಕ್ರಿ.ಶ. 132ರಲ್ಲಿ ಯೂದಾಯದ (ಇಂದಿನ ಇಸ್ರೇಲ್–ಪ್ಯಾಲೆಸ್ತೀನ್ ಪ್ರದೇಶ) ಯಹೂದ್ಯರು ರೋಮ್ ಸಾಮ್ರಾಜ್ಯದ ವಿರುದ್ಧ ದಂಗೆ ಎದ್ದರು. ಮುಂದಾಳಿನ ನಿಜ ಹೆಸರು ಶಿಮೋನ್ ಬೆನ್ ಕೊಸಿಬಾ. 'ನಕ್ಷತ್ರದ ಮಗ' ಎಂಬ ಅರ್ಥದ ಬಾರ್ ಕೊಖ್ಬಾ ಅಭಿಮಾನದಿಂದ ಬಂದ ಹೆಸರು. ಮೂರು ವರ್ಷಕ್ಕೂ ಮಿಕ್ಕಿ ಅವರದೇ ಆಡಳಿತ ನಡೆಯಿತು. ಶಿಮೋನನ ಹೆಸರಿನಲ್ಲಿ ಹೊಲಗಳನ್ನು ಗುತ್ತಿಗೆಗೆ ಕೊಟ್ಟರು, ನಾಣ್ಯವನ್ನೂ ಹೊರಡಿಸಿದರು. ಆ ನಾಣ್ಯಕ್ಕೆ ಹೊಸ ಬಿಲ್ಲೆ ಎರಕ ಹೊಯ್ಯಲಿಲ್ಲ. ಚಲಾವಣೆಯಲ್ಲಿದ್ದ ರೋಮನ್ ನಾಣ್ಯಗಳನ್ನೇ ಹಿಡಿದು ಅವುಗಳ ಮೇಲೆ ತಮ್ಮ ಅಚ್ಚು ಹೊಡೆದರು. ತಾಮ್ರದ ನಾಣ್ಯಗಳ ಹಳೆಯ ಗುರುತನ್ನು ಸಾಮಾನ್ಯವಾಗಿ ಮೊದಲು ಅರದಿಂದ ಉಜ್ಜಿ ಅಳಿಸುತ್ತಿದ್ದರು. ಬೆಳ್ಳಿಯನ್ನು ಹಾಗೆ ಉಜ್ಜಿದರೆ ತೂಕವೇ ಕಳೆದುಹೋಗುತ್ತದೆ. ಹಾಗಾಗಿ ಎಷ್ಟೋ ಬೆಳ್ಳಿ ನಾಣ್ಯಗಳಲ್ಲಿ ದ್ರಾಕ್ಷಿ ಗೊಂಚಲಿನ ಕೆಳಗೆ ಚಕ್ರವರ್ತಿಯ ಮೂಗು, ಅಂಚಿನಲ್ಲಿ ಅರ್ಧ ಅಳಿದ ಲ್ಯಾಟಿನ್ ಅಕ್ಷರ ಇಂದಿಗೂ ಕಾಣುತ್ತವೆ.

ಮುಂಬಯಿಯ ಕನ್ನಡ ಸಂಘಗಳ ಭಾನುವಾರದ ತರಗತಿಗೆ, ಶಾಲೆಯ ಇತಿಹಾಸ ಪ್ರದರ್ಶನಕ್ಕೆ ಇದರ ಮಾದರಿ ಮಾಡಬಹುದು. ಒಂದು ಮಾತನ್ನು ಮೊದಲೇ ಹೇಳಬೇಕು: ಹಳೆಯ ಮುಖ ಪೂರ್ತಿ ಅಳಿದುಹೋದರೆ ಮಾದರಿ ಕೆಟ್ಟಿತು ಎಂದೇ ಲೆಕ್ಕ. ಮಕ್ಕಳು ನೋಡಬೇಕಾದದ್ದು ಒಂದರ ಮೇಲೊಂದು ಕುಳಿತ ಎರಡು ಸರ್ಕಾರಗಳನ್ನು.

ಇಪ್ಪತ್ತು ಮಕ್ಕಳಿಗೆ 1 ಕಿಲೋ ಶಾಡೂ ಮಣ್ಣು, ಅರ್ಧ ಕಿಲೋ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕು. ಶಾಡೂ ಗಣಪತಿ ಮೂರ್ತಿಗೆ ಬಳಸುವ ಮಣ್ಣು. ಹಬ್ಬಕ್ಕೆ ಮುಂಚೆ ಮುಂಬಯಿ, ಪುಣೆಯಲ್ಲಿ ಸುಲಭವಾಗಿ ಸಿಗುತ್ತದೆ. ಆಗಲೇ ತಂದಿಟ್ಟುಕೊಂಡರೆ ಒಳ್ಳೆಯದು. ಜೊತೆಗೆ ಕಟಿಂಗ್ ಚಹಾದ ಕಾಗದದ ಕಪ್ಪು ಹನ್ನೆರಡು, ಕೈವಾರ, ದಪ್ಪ ಸೂಜಿ, ಟಾಲ್ಕಂ ಪೌಡರ್, ಲಟ್ಟಣಿಗೆ, 4 ಮಿ.ಮೀ. ದಪ್ಪದ ಎರಡು ಪಟ್ಟಿ, ನೀರಿನ ಬಾಟಲಿಯ ಮುಚ್ಚಳ, 6ಬಿ ಪೆನ್ಸಿಲ್.

ನಾವು ಮಾಡುವುದು 'ಜುಜ್' ಎಂಬ ಸಣ್ಣ ಬೆಳ್ಳಿ ನಾಣ್ಯ. ರೋಮಿನ ದಿನಾರಿಯಸ್ ಎಂಬ ಬೆಳ್ಳಿ ನಾಣ್ಯದ ಮೇಲೆ ಹೊಡೆದದ್ದು, ತೂಕ 3 ಗ್ರಾಂ ಚಿಲ್ಲರೆ, ಅಗಲ 18–20 ಮಿ.ಮೀ.; ನಮ್ಮ ಒಂದು ರೂಪಾಯಿಗಿಂತ ತುಸು ಚಿಕ್ಕದು. ಆ ಅಳತೆಯಲ್ಲಿ ಮಕ್ಕಳ ಕೈಗೆ ಕೆತ್ತಲು ಬಾರದು. ಬಾಟಲಿ ಮುಚ್ಚಳ ಸುಮಾರು 30 ಮಿ.ಮೀ. ಇರುವುದರಿಂದ ಒಂದೂವರೆ ಪಟ್ಟು ದೊಡ್ಡ ಮಾದರಿ ಸಿಗುತ್ತದೆ.

ಮೊದಲು ಅಚ್ಚು. ಒಂದು ಅಳತೆ ನೀರಿಗೆ ಎರಡು ಅಳತೆ ಪ್ಲಾಸ್ಟರ್. ನೀರಿಗೆ ಪುಡಿ ಉದುರಿಸಿ. ಪುಡಿಗೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಒಂದು ನಿಮಿಷ ನೆನೆಯಲು ಬಿಟ್ಟು ನಿಧಾನಕ್ಕೆ ಕಲಸಿ. ಜೋರಾಗಿ ಕಲಕಿದರೆ ಗಾಳಿಗುಳ್ಳೆ ಸೇರಿ, ಕೆತ್ತುವಾಗ ಮುಖದ ಮಧ್ಯೆ ತೂತು ಬೀಳುತ್ತದೆ. ಕಪ್ಪಿನಲ್ಲಿ 2 ಸೆಂ.ಮೀ. ಎತ್ತರ ಹೊಯ್ದು, ಮೇಜಿಗೆ ನಾಲ್ಕಾರು ಸಲ ಮೆಲ್ಲಗೆ ಕುಟ್ಟಿ. ಅರ್ಧ ಗಂಟೆಗೆ ಗಟ್ಟಿಯಾಗುತ್ತದೆ. ಕಾಗದ ಹರಿದು ತೆಗೆದರೆ ತಳಭಾಗ ಸಪಾಟಾದ ಬಿಲ್ಲೆ. ಉಳಿದ ಪ್ಲಾಸ್ಟರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಕಲ್ಲಾಗಿ ಕೂರುತ್ತದೆ. ಬಿಲ್ಲೆ ಇನ್ನೂ ತೇವವಿರುವಾಗಲೇ ಕೆತ್ತಬೇಕು. ಪೂರ್ತಿ ಒಣಗಿದ ಮೇಲೆ ಅಂಚು ಚಕ್ಕೆ ಏಳುತ್ತದೆ, ಧೂಳೂ ಹಾರುತ್ತದೆ.

ಬೇಕಾದದ್ದು ಮೂರು ಅಚ್ಚು.

ಒಂದು, ಚಕ್ರವರ್ತಿ. ಬಂಡಾಯ ನಡೆದದ್ದು ಹೇಡ್ರಿಯನ್ ಕಾಲದಲ್ಲಿ. ಆದರೆ ಅವನ ಗಡ್ಡ ಕೆತ್ತುವುದು ಕಷ್ಟ. ಅವನಿಗಿಂತ ಮುಂಚಿನ ಟ್ರಾಯನ್ ಮುಖಕ್ಕೆ ಗಡ್ಡವಿಲ್ಲ. ಅವನ ನಾಣ್ಯಗಳೂ ಚಲಾವಣೆಯಲ್ಲಿದ್ದು ಮರು ಅಚ್ಚಾದವು, ಆದ್ದರಿಂದ ಅವನನ್ನೇ ಆರಿಸಿಕೊಂಡರೆ ಇತಿಹಾಸಕ್ಕೆ ಮೋಸವಿಲ್ಲ. ತಲೆಗೆ ಎಲೆಗಳ ಮಾಲೆ, ಹಿಂಗತ್ತಿನಲ್ಲಿ ಅದರ ಪಟ್ಟಿಯ ಎರಡು ತುದಿ. ನಾಣ್ಯದಲ್ಲಿ ಬಲಕ್ಕೆ ನೋಡುವ ಮುಖ ಅಚ್ಚಿನಲ್ಲಿ ಎಡಕ್ಕೆ ನೋಡಬೇಕು. 30 ಮಿ.ಮೀ. ವೃತ್ತದಲ್ಲಿ, 2 ಮಿ.ಮೀ. ಆಳ. ಸುತ್ತ ಲ್ಯಾಟಿನ್ ಅಕ್ಷರಗಳನ್ನು ಬಿಡಬೇಡಿ. ಕೊನೆಗೆ ಉಳಿದು ಸಾಕ್ಷಿ ಹೇಳುವುದು ಅಂಚಿನ ಈ ಅಕ್ಷರಗಳೇ.

ಎರಡು, ದ್ರಾಕ್ಷಿ ಗೊಂಚಲು. ಮೂರು ಉಬ್ಬಿನ ಗೊಂಚಲು, ಮೇಲೊಂದು ಎಲೆ. ಸೂಜಿ ಮೊನೆಯಿಂದ ಒಂದೊಂದು ಚುಕ್ಕಿ ಇಟ್ಟರೆ ಒತ್ತಿದಾಗ ಕಾಳಾಗಿ ಏಳುತ್ತದೆ.

ಮೂರು, ಮಾಲೆಯೊಳಗೆ ಶಿಮೋನ್ ಹೆಸರು. ಅನೇಕ ಜುಜ್‌ಗಳಲ್ಲಿ ಹೆಸರು ಪೂರ್ತಿ ಇಲ್ಲ. ಶಿನ್, ಮೆಮ್, ಅಯಿನ್ ಎಂಬ ಮೂರೇ ಅಕ್ಷರ. ಅವೂ ಆ ಕಾಲದ ರೂಢಿಯ ಹೀಬ್ರೂ ಲಿಪಿಯಲ್ಲಿಲ್ಲ. ನೂರಾರು ವರ್ಷ ಹಿಂದಿನ ಪ್ರಾಚೀನ ಲಿಪಿಯನ್ನು ಬೇಕೆಂದೇ ಎತ್ತಿಕೊಂಡಿದ್ದಾರೆ, ನಮ್ಮ ರಾಜ್ಯ ನಮ್ಮದಾಗಿದ್ದ ದಿನಗಳ ಅಕ್ಷರ ಇದು ಎನ್ನುವ ಹಾಗೆ. ಶಿನ್ ಇಂಗ್ಲಿಷಿನ ಡಬ್ಲ್ಯೂ ಹಾಗೆ. ಅಯಿನ್ ಒಂದು ಸೊನ್ನೆ. ಮೆಮ್ ಅಂಕುಡೊಂಕು ಗೆರೆ, ಬಲಗಡೆ ಕೆಳಗಿಳಿದ ಬಾಲ. ಹೀಬ್ರೂ ಬಲದಿಂದ ಎಡಕ್ಕೆ ಓದುವ ಬರಹ, ಅಚ್ಚು ಕನ್ನಡಿ ಬಿಂಬ. ಎರಡೂ ಸೇರಿ ನಮಗೆ ಅನುಕೂಲವೇ ಆಗುತ್ತದೆ: ಅಚ್ಚಿನ ಮೇಲೆ ಕನ್ನಡ ಬರೆಯುವಂತೆ ಎಡದಿಂದ ಬಲಕ್ಕೆ ಶಿನ್, ಮೆಮ್, ಅಯಿನ್ ಕೆತ್ತಿಕೊಂಡು ಹೋಗಿ. ಶಿನ್, ಅಯಿನ್ ತಿರುಗಿಸಿದರೂ ಒಂದೇ. ಮೆಮ್ ಬಾಲವನ್ನು ಮಾತ್ರ ಎಡಕ್ಕೆ ಹಾಕಬೇಕು. ಮಕ್ಕಳು ತಪ್ಪುವುದು ಇಲ್ಲೇ.

ದ್ರಾಕ್ಷಿ ಮತ್ತು ಹೆಸರಿನ ಅಚ್ಚುಗಳ ವೃತ್ತ 26 ಮಿ.ಮೀ., ಆಳ 1 ಮಿ.ಮೀ. ಇರಲಿ, ವೃತ್ತದ ಹೊರಗಿನ ಪ್ಲಾಸ್ಟರನ್ನು ಕೆರೆದು ತಗ್ಗಿಸಿ. ಆಗ ಸುತ್ತಲೂ 2 ಮಿ.ಮೀ. ಅಂಚು ಎರಡನೇ ಒತ್ತಿನಿಂದ ತಪ್ಪಿಸಿಕೊಳ್ಳುತ್ತದೆ. ಅಚ್ಚುಗಳನ್ನು ಎರಡು ದಿನ ಒಣಗಿಸಿ. ಜುಲೈ, ಆಗಸ್ಟಿನ ಮುಂಬಯಿಯಲ್ಲಿ ನಾಲ್ಕು ದಿನವಾದರೂ ಬೇಕು, ಫ್ಯಾನಿನ ಕೆಳಗೆ ಇಡಿ.

ಇನ್ನು ಮಣ್ಣು. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಇಡಿ. ಎರಡು ಪಟ್ಟಿಗಳ ನಡುವೆ ಲಟ್ಟಿಸಿದರೆ ದಪ್ಪ ಎಲ್ಲೆಡೆ ಸಮ. ಮುಚ್ಚಳದಿಂದ ಬಿಲ್ಲೆ ಕತ್ತರಿಸಿ, ಪೌಡರ್ ಸವರಿ, ಚಕ್ರವರ್ತಿಯ ಅಚ್ಚನ್ನು ಅಂಗೈಯಿಂದ ನೇರವಾಗಿ ಒತ್ತಿ. ಅಸಲಿ ನಾಣ್ಯಕ್ಕೆ ಸುತ್ತಿಗೆಯ ಪೆಟ್ಟು ಬೀಳುತ್ತಿತ್ತು. ಪ್ಲಾಸ್ಟರ್ ಅದನ್ನು ತಾಳದು.

ಎರಡನೇ ಒತ್ತಿಗೆ ಕಾಯಬೇಕು, ಇಡೀ ಕೆಲಸ ನಿಂತಿರುವುದು ಈ ಕಾಯುವಿಕೆಯ ಮೇಲೆ. ಮಣ್ಣು ಹಸಿಯಿರುವಾಗಲೇ ಒತ್ತಿದರೆ ಟ್ರಾಯನ್ ಪೂರ್ತಿ ಮಾಯ. ಒಣಗಿದ ಮೇಲೆ ಒತ್ತಿದರೆ ಬಿಲ್ಲೆ ಸೀಳುತ್ತದೆ. ಡಿಸೆಂಬರಿನಲ್ಲಿ ನೆರಳಲ್ಲಿ ಎರಡು ಮೂರು ಗಂಟೆ, ಮಳೆಗಾಲದಲ್ಲಿ ಒಂದು ರಾತ್ರಿ. ಗಡಿಯಾರ ನಂಬಬೇಡಿ, ಹೆಬ್ಬೆರಳು ನಂಬಿ: ಮಣ್ಣು ಬೆರಳಿಗೆ ಅಂಟಬಾರದು, ಒತ್ತಿದರೆ ಗುರುತು ಮಾತ್ರ ಬೀಳಬೇಕು. ಈಗ ದ್ರಾಕ್ಷಿಯ ಅಚ್ಚನ್ನು ಕಾಲು ಸುತ್ತು ತಿರುಗಿಸಿ ಮುಖದ ಮೇಲಿಡಿ. ಹೆಸರಿನ ಅಚ್ಚು ಕೆಳಗೆ. ಎರಡರ ನಡುವೆ ಬಿಲ್ಲೆ, ಮೇಲೊಂದು ಹಲಗೆ, ಒಂದೇ ಸಲ ಒತ್ತಿ ಬಿಡಿ. ಸರಿ ಬರಲಿಲ್ಲವೆಂದು ಮತ್ತೆ ಒತ್ತಿದರೆ ಗೆರೆ ಜೋಡಿಯಾಗುತ್ತದೆ. ಪ್ಲಾಸ್ಟರ್ ಮಣ್ಣಿನ ನೀರು ಹೀರುತ್ತದೆ, ಹತ್ತು ಬಿಲ್ಲೆಗಳ ನಂತರ ಅಚ್ಚೇ ತೇವವಾಗಿ ಮಣ್ಣು ಅಂಟತೊಡಗುತ್ತದೆ. ಅದಕ್ಕೇ ಪ್ರತಿ ಅಚ್ಚಿಗೂ ಜೋಡಿ ಇಟ್ಟುಕೊಂಡು ಸರದಿಯ ಮೇಲೆ ಬಳಸಿ.

ಬಿಸಿಲಿಗೆ ಇಟ್ಟರೆ ಬಿರುಕು. ಪೇಪರಿನ ಮೇಲೆ ನೆರಳಲ್ಲಿಟ್ಟು ದಿನಕ್ಕೆ ಎರಡು ಸಲ ಮಗುಚಿ, ಇಲ್ಲದಿದ್ದರೆ ಹಪ್ಪಳದಂತೆ ಡೊಂಕಾಗುತ್ತದೆ. ಒಣಗಿದ ಮೇಲೆ ಪೆನ್ಸಿಲಿನ ಸೀಸದ ಪುಡಿಯನ್ನು ಬಟ್ಟೆಯಿಂದ ತಿಕ್ಕಿ. ಬಣ್ಣಕ್ಕಿಂತ ಇದು ಮೇಲು: ಉಬ್ಬು ಹೊಳೆಯುತ್ತದೆ, ತಗ್ಗು ಕಪ್ಪಾಗಿ ಉಳಿಯುತ್ತದೆ.

ಪಕ್ಕದ ಚೀಟಿಯಲ್ಲಿ ಏನು ಬರೆಯಬೇಕೆನ್ನುವುದೂ ಕೆಲಸದ ಭಾಗವೇ. ಯಹೂದ್ಯರ ಹನುಕ್ಕಾ ಹಬ್ಬದ ಹಿಂದಿನ ಬಂಡಾಯ ಇದಲ್ಲ. ಮುಂಬಯಿಯ ಬೆನೆ ಇಸ್ರಾಯೇಲ್ ಎಂಬ ಯಹೂದಿ ಸಮುದಾಯದ ಕುಟುಂಬಗಳು ದೀಪ ಹಚ್ಚಿ ನೆನೆಯುವುದು ಮಕ್ಕಬಿಯರನ್ನು, ಅವರು ಎದ್ದದ್ದು ಕ್ರಿ.ಪೂ. 2ನೇ ಶತಮಾನದಲ್ಲಿ ಸೆಲ್ಯೂಸಿಡ್ ಎಂಬ ಗ್ರೀಕ್ ಮೂಲದ ರಾಜರ ಮೇಲೆ. ಮಸಾದಾ ಕೋಟೆಯ ಕಥೆಯೂ ಇದಲ್ಲ, ಅದು ರೋಮಿನ ವಿರುದ್ಧವೇ ಕ್ರಿ.ಶ. 66ರಲ್ಲಿ ಶುರುವಾದ ಹಿಂದಿನ ದಂಗೆಯದು. ನಾಣ್ಯದಲ್ಲಿ 'ಬಾರ್ ಕೊಖ್ಬಾ' ಎಂದು ಇಲ್ಲ, 'ಶಿಮೋನ್' ಎಂದಿದೆ. 985 ಹಳ್ಳಿಗಳು ನಾಶವಾಗಿ 5,80,000 ಜನ ಸತ್ತರು ಎಂಬ ಲೆಕ್ಕ ಬರೆಯುವುದಾದರೆ 'ರೋಮಿನ ಇತಿಹಾಸಕಾರ ಕ್ಯಾಸಿಯಸ್ ಡಿಯೋ ಪ್ರಕಾರ' ಎಂದು ಸೇರಿಸಿ. ಬ್ರಿಟನ್ನಿನಿಂದ ಜೂಲಿಯಸ್ ಸೆವೆರಸ್ ಎಂಬ ಸೇನಾನಿಯನ್ನು ಕರೆಸಿಕೊಳ್ಳಬೇಕಾಯಿತು ಎನ್ನುವ ಸಂಗತಿಯೊಂದೇ ರೋಮ್ ಎಷ್ಟು ಕಂಗೆಟ್ಟಿತ್ತೆಂದು ಹೇಳುತ್ತದೆ. 135ರಲ್ಲಿ ಬಂಡಾಯಗಾರರ ಕೊನೆಯ ನೆಲೆಯಾದ ಬೆತಾರ್ ಕೋಟೆ ಬಿತ್ತು, ಯೂದಾಯ ಪ್ರಾಂತ್ಯಕ್ಕೆ ಸಿರಿಯಾ ಪ್ಯಾಲೆಸ್ತೀನಾ ಎಂದು ಹೆಸರಾಯಿತು.

'ನಮ್ಮ ಕಡೆ ಹೀಗೆ ನಡೆದಿಲ್ಲವೇ' ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ಥೆಂಬಿಯಲ್ಲಿ ಸಿಕ್ಕ, ಶಕ ದೊರೆ ನಹಪಾನನ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ ಅವನನ್ನು ಸೋಲಿಸಿದ ಶಾತವಾಹನ ರಾಜ ಗೌತಮೀಪುತ್ರ ಶಾತಕರ್ಣಿಯ ಮುದ್ರೆ ಇದೆ. ಕೈಚಳಕ ಅದೇ, ಆದರೆ ಅದು ರಾಜ ರಾಜನನ್ನು ಗೆದ್ದದ್ದು, ಜನ ಎದ್ದದ್ದಲ್ಲ. ಎರಡನ್ನೂ ಒಂದೇ ಚೀಟಿಯಲ್ಲಿ ಬೆರೆಸಬೇಡಿ.

ಮಾದರಿಗಳನ್ನು ಟ್ಯೂಬ್‌ಲೈಟಿನ ನೇರ ಕೆಳಗೆ ಇಡಬಾರದು, ಎಲ್ಲ ಸಪಾಟಾಗಿ ಕಾಣುತ್ತದೆ. ಮಗುವಿನ ಕೈಗೆ ಟಾರ್ಚು ಕೊಟ್ಟು, ಪಕ್ಕದಿಂದ, ಮೇಜಿನ ಮಟ್ಟಕ್ಕೆ ಹಿಡಿಯಲು ಹೇಳಿ. ದ್ರಾಕ್ಷಿ ಕಾಳುಗಳ ಸಂದಿಯಲ್ಲಿ ಟ್ರಾಯನ್ ಮೂಗಿನ ಗೆರೆ ಎದ್ದು ಬರುತ್ತದೆ.