ಹಾವು ಕಚ್ಚಿದವರು ಕ್ಯಾಶುವಾಲ್ಟಿಗೆ ಬಂದಾಗ: ಮೊದಲ ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಅಡೂರು ಕಡೆಯ ತೋಟಗಳಲ್ಲಿ ಯಾರಿಗಾದರೂ ಹಾವು ಕಚ್ಚಿ ಹತ್ತಿರದ ಆಸ್ಪತ್ರೆಗೆ ತಂದರೆ, ಮನೆಯವರು ಮೊದಲು ಕೇಳುವುದು "ನೇರ ಮಂಗಳೂರಿಗೆ ಹೋಗುವುದು ಒಳ್ಳೆಯದಲ್ಲವಾ ಡಾಕ್ಟ್ರೇ?" ಎಂದು. ದೊಡ್ಡ ಕಾಯಿಲೆಗೆಲ್ಲ ಗಡಿಯ ತಲಪಾಡಿ ದಾಟಿಯೇ ಅಭ್ಯಾಸವಾದ ಊರುಗಳಲ್ಲಿ ಈ ಪ್ರಶ್ನೆ ಸಹಜ. ಆದರೆ ಹಾವಿನ ವಿಷಕ್ಕೆ ಇರುವ ನಿಜವಾದ ಮದ್ದು ಪ್ರತಿವಿಷವೊಂದೇ. ಅದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ತಟಸ್ಥಗೊಳಿಸಬಲ್ಲುದೇ ಹೊರತು, ನರದ ತುದಿಗೋ ಮೂತ್ರಪಿಂಡಕ್ಕೋ ಆಗಲೇ ಆಗಿಹೋದ ಹಾನಿಯನ್ನು ಸರಿಪಡಿಸಲಾರದು. ಆದುದರಿಂದ ವಿಷ ಏರಿದ ಲಕ್ಷಣವಿದ್ದರೆ, ಪ್ರತಿವಿಷ ಮತ್ತು ಉಸಿರಾಟವನ್ನು ಕಾಯಬಲ್ಲ ಒಬ್ಬ ವ್ಯಕ್ತಿ ಇರುವ ಮೊದಲ ಆಸ್ಪತ್ರೆಯಲ್ಲಿಯೇ ಮೊದಲ ಡೋಸು ಒಳಗೆ ಹೋಗಬೇಕು. ಪ್ರಯಾಣದ ಮಾತು ಅನಂತರದ್ದು. ಕ್ಯಾಶುವಾಲ್ಟಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯರನ್ನೂ ಶುಶ್ರೂಷಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ಆ ಮೊದಲ ಗಂಟೆಗಳ ಕೆಲಸವನ್ನು ಇಲ್ಲಿ ವಿವರಿಸಲಾಗಿದೆ. ನಿಮ್ಮ ಆಸ್ಪತ್ರೆಯಲ್ಲಿ ಲಿಖಿತ ಕ್ರಮವಿದ್ದರೆ ಅದನ್ನು ಕೈಗೆಟಕುವಲ್ಲಿ ಇಟ್ಟುಕೊಂಡೇ ಇದನ್ನು ಓದಿರಿ.

ರೋಗಿ ಒಳಗೆ ಬಂದೊಡನೆ ಗಾಯವನ್ನು ನೋಡುವ ಮೊದಲು ಉಸಿರು, ನಾಡಿ ಮತ್ತು ರಕ್ತದೊತ್ತಡಗಳನ್ನು ನೋಡಬೇಕು. ಮಾತು ಸ್ಪಷ್ಟವಾಗಿದೆಯೇ, ಎಂಜಲು ನುಂಗಲು ಸಾಧ್ಯವಾಗುತ್ತಿದೆಯೇ ಎಂಬುದು ಒಂದೆರಡು ಮಾತು ಆಡಿಸಿದರೆ ತಿಳಿಯುತ್ತದೆ. ಕಚ್ಚದ ಕೈಯಲ್ಲಿ ದಪ್ಪ ಸೂಜಿಯಿಂದ ಡ್ರಿಪ್ ದಾರಿ ಮಾಡಿಕೊಳ್ಳಬೇಕು. ರಕ್ತ ಹೆಪ್ಪುಗಟ್ಟದ ಸ್ಥಿತಿಯಿರಬಹುದಾದ್ದರಿಂದ ಕುತ್ತಿಗೆ ಅಥವಾ ತೊಡೆಸಂದಿಯ ದೊಡ್ಡ ರಕ್ತನಾಳಗಳಿಗೆ ಚುಚ್ಚುವುದನ್ನೂ, ಸ್ನಾಯುವಿಗೆ ಅನಗತ್ಯ ಇಂಜೆಕ್ಷನ್ ಕೊಡುವುದನ್ನೂ ತಪ್ಪಿಸಬೇಕು.

ಬೈರಾಸಿನಿಂದಲೋ ಬಾಳೆಯ ನಾರಿನಿಂದಲೋ ಕಾಲನ್ನು ಬಿಗಿದು ಕಟ್ಟಿ ತರುವುದು ಈಗಲೂ ಇದೆ. ಅದನ್ನು ನೋಡಿದ ತಕ್ಷಣ ಬಿಚ್ಚಿ ಎಸೆಯಬಾರದು. ಕಟ್ಟಿನ ಕೆಳಗೆ ತಡೆಹಿಡಿದಿದ್ದ ವಿಷ ಒಮ್ಮೆಲೇ ಮೇಲೇರಿ, ಕೆಲವೇ ನಿಮಿಷಗಳಲ್ಲಿ ಉಸಿರು ನಿಲ್ಲುವಂತಾಗಬಹುದು ಅಥವಾ ರಕ್ತದೊತ್ತಡ ಕುಸಿಯಬಹುದು. ಡ್ರಿಪ್ ಓಡುತ್ತಿರಬೇಕು, ಪ್ರತಿವಿಷ ಮತ್ತು ಅಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಕೈಯಳತೆಯಲ್ಲಿರಬೇಕು. ಕಟ್ಟಿನ ಕೆಳಗೆ ನಾಡಿ ಸಿಗದಿದ್ದರೆ, ಅದರ ಮೇಲ್ಭಾಗದಲ್ಲಿ ರಕ್ತದೊತ್ತಡ ನೋಡುವ ಪಟ್ಟಿಯನ್ನು ಕಟ್ಟಿ ಗಾಳಿ ತುಂಬಿ, ಹಗ್ಗವನ್ನು ಬಿಚ್ಚಿ, ಬಳಿಕ ಪಟ್ಟಿಯ ಗಾಳಿಯನ್ನು ನಿಧಾನವಾಗಿ ಇಳಿಸುತ್ತ ಬರುವುದು ಸುರಕ್ಷಿತ ವಿಧಾನ.

ಅನಂತರ ವಿಚಾರಣೆ. ಕಚ್ಚಿದ ಹೊತ್ತು ಯಾವುದು, ಎಲ್ಲಿ, ಆಗ ಏನು ಮಾಡುತ್ತಿದ್ದರು, ಮೂತ್ರ ಹೋಗಿದೆಯೇ, ಅದರ ಬಣ್ಣವೇನು, ನಾಟಿ ಮದ್ದು ಹಚ್ಚಿದ್ದಾರೆಯೇ ಅಥವಾ ಕುಡಿಸಿದ್ದಾರೆಯೇ ಎಂಬುದನ್ನೆಲ್ಲ ಕೇಳಿ ಬರೆದಿಡಬೇಕು. ವಿಷವೈದ್ಯರ ಬಳಿಗೆ ಹೋಗಿ ಬಂದವರನ್ನು ಗದರಿಸಬಾರದು. ಗದರಿಸಿದರೆ ಮುಂದಿನ ಉತ್ತರಗಳು ಸತ್ಯವಾಗಿರುವುದಿಲ್ಲ. ಕುಡಿಸಿದ ಮದ್ದಿನ ವಿಚಾರ ನಮಗೆ ತಿಳಿಯಲೇಬೇಕು, ಏಕೆಂದರೆ ಗಂಟಲಿನ ಸ್ನಾಯು ಸೋತ ರೋಗಿ ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾವನ್ನು ಕೊಂದು ತರುವ ಅಗತ್ಯವಿಲ್ಲ, ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲುದು. ದೂರದಿಂದ ಮೊಬೈಲಿನಲ್ಲಿ ತೆಗೆದ ಚಿತ್ರವಿದ್ದರೆ ನೋಡೋಣ, ಆದರೆ ಚಿತ್ರವನ್ನು ನಂಬಿ ಚಿಕಿತ್ಸೆಯನ್ನು ನಿರ್ಧರಿಸುವುದು ಬೇಡ. ಚಿಕಿತ್ಸೆಯನ್ನು ನಿರ್ಧರಿಸಬೇಕಾದುದು ರೋಗಿಯ ಮೈಮೇಲಿನ ಲಕ್ಷಣಗಳು.

ಭಾರತದಲ್ಲಿ ಸಿಗುವ ಪ್ರತಿವಿಷ ನಾಲ್ಕು ಹಾವುಗಳ ವಿಷಕ್ಕೆ ಸಿದ್ಧವಾದದ್ದು: ನಾಗರಹಾವು, ಕಟ್ಟುಹಾವು, ಮಲಯಾಳಿಗಳು ಅಣಲಿ ಎನ್ನುವ ಕೊಳಕುಮಂಡಲ ಮತ್ತು ಗರಗಸಮಂಡಲ. ಇವುಗಳಲ್ಲಿ ನಾಗರಹಾವು ಮತ್ತು ಕಟ್ಟುಹಾವು ನರಗಳನ್ನು ಸೋಲಿಸುತ್ತವೆ, ಮಂಡಲಗಳು ರಕ್ತದ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತವೆ. ಕೊಳಕುಮಂಡಲ ಕೆಲವೊಮ್ಮೆ ಎರಡನ್ನೂ ಮಾಡುತ್ತದೆ.

ಕಟ್ಟುಹಾವಿನ ಕಡಿತವನ್ನು ಪ್ರತ್ಯೇಕವಾಗಿ ನೆನಪಿಡಬೇಕು, ಏಕೆಂದರೆ ಅಲ್ಲಿ ಕಡಿತವೇ ಕಾಣುವುದಿಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರಿಗೆ ನಡುರಾತ್ರಿ ಕಚ್ಚಿರುತ್ತದೆ, ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಇಲ್ಲದಿರಬಹುದು. ಬೆಳಗಿನ ಜಾವಕ್ಕೆ ಹೊಟ್ಟೆನೋವು ಮತ್ತು ವಾಂತಿಯೆಂದು ಬರುತ್ತಾರೆ, ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳುಹಿಸಿದರೆ ದಾರಿಯಲ್ಲಿಯೇ ಉಸಿರು ಸೋಲುತ್ತದೆ. "ಕಣ್ಣು ಮುಚ್ಚಿಕೊಂಡು ಬರ್ತದೆ, ಎರಡೆರಡು ಕಾಣ್ತದೆ" ಎಂದು ರೋಗಿ ಹೇಳಿದರೆ, ಹಾವಿನ ಮಾತನ್ನು ಯಾರೂ ಎತ್ತದಿದ್ದರೂ ಕಟ್ಟುಹಾವನ್ನೇ ಮೊದಲು ಸಂಶಯಿಸಬೇಕು.

ರಕ್ತದ ಪರೀಕ್ಷೆಗೆ ದೊಡ್ಡ ಲ್ಯಾಬ್ ಬೇಕಿಲ್ಲ. ಹೊಸದಾದ, ಸ್ವಚ್ಛವಾದ, ಒಣಗಿದ ಗಾಜಿನ ಟೆಸ್ಟ್ ಟ್ಯೂಬಿಗೆ 2 ಮಿ.ಲೀ. ರಕ್ತವನ್ನು ತೆಗೆದು ಹಾಕಿ, ಅಲುಗಾಡದಂತೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಗಡಿಯಾರ ನೋಡಿ ಸಮಯವನ್ನು ಬರೆದುಕೊಳ್ಳಬೇಕು. ಸರಿಯಾಗಿ 20 ನಿಮಿಷಗಳ ಬಳಿಕ ಟ್ಯೂಬನ್ನು ಒಂದೇ ಸಲ ಮೆಲ್ಲಗೆ ಓರೆ ಮಾಡಿ ನೋಡಬೇಕು. ರಕ್ತ ಒಂದು ಮುದ್ದೆಯಾಗಿ ತಳದಲ್ಲಿ ನಿಂತರೆ ಹೆಪ್ಪುಗಟ್ಟಿದೆ. ನೀರಿನಂತೆ ಗಾಜಿನ ಬದಿಗೆ ಹರಿದು ಬಂದರೆ ಮಂಡಲದ ವಿಷ ಏರಿದೆ. ನಡುನಡುವೆ ಎತ್ತಿ ಅಲ್ಲಾಡಿಸಿ ನೋಡಿದರೆ ಪರೀಕ್ಷೆ ಕೆಡುತ್ತದೆ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಅಥವಾ ಸಾಬೂನು ಪುಡಿಯಿಂದ ತೊಳೆದ ಗಾಜಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಇರಬಹುದು. ಸಂಶಯ ಬಂದರೆ ಜತೆಗೆ ಬಂದವರೊಬ್ಬರ ಒಪ್ಪಿಗೆ ಪಡೆದು, ಅವರ ರಕ್ತವನ್ನು ಅದೇ ಬಗೆಯ ಟ್ಯೂಬಿನಲ್ಲಿಟ್ಟು ಹೋಲಿಸಬಹುದು. ಇಷ್ಟು ಸರಳವಾದ ಕೆಲಸವನ್ನು ಗಡಿಬಿಡಿಯಲ್ಲಿ ಯಾರಿಗೋ ಒಪ್ಪಿಸಿ ಮರೆತುಬಿಡುವುದೇ ಹೆಚ್ಚು. ಆದ್ದರಿಂದ ಟ್ಯೂಬಿನ ಹೊಣೆ ಒಬ್ಬರದ್ದೇ ಎಂದು ಹೆಸರು ಹೇಳಿ ವಹಿಸಿಕೊಡಿ. ಮೊದಲ ಪರೀಕ್ಷೆ ಸರಿ ಇದ್ದರೂ ಮೊದಲ 3 ಗಂಟೆ ಪ್ರತಿ ಗಂಟೆಗೊಮ್ಮೆ, ಬಳಿಕ 24 ಗಂಟೆಯವರೆಗೆ 6 ಗಂಟೆಗೊಮ್ಮೆ ಅದನ್ನು ಮತ್ತೆ ಮಾಡಬೇಕು. ಯಾವ ಲಕ್ಷಣವಿಲ್ಲದವರನ್ನೂ 24 ಗಂಟೆ ವಾರ್ಡಿನಲ್ಲಿ ಇಟ್ಟುಕೊಳ್ಳಲೇಬೇಕು.

ನರದ ಪರೀಕ್ಷೆಗೆ ಉಪಕರಣವೇ ಬೇಡ. ರೋಗಿಗೆ ನೇರವಾಗಿ ಮೇಲಕ್ಕೆ ನೋಡಲು ಹೇಳಿ, ರೆಪ್ಪೆ ಎಷ್ಟು ಏರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಮನಿಸಬೇಕು. ಬಾಯಿ ಪೂರ್ತಿ ತೆರೆಯಿಸಬೇಕು, ನಾಲಗೆ ಚಾಚಿಸಬೇಕು, ದಿಂಬಿನಿಂದ ತಲೆ ಎತ್ತಿಸಬೇಕು. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರು ಎಂಬುದನ್ನು ಬರೆದಿಟ್ಟು ಮರಳಿ ಮರಳಿ ಹೋಲಿಸಬೇಕು. ಬೆರಳಿನ ಆಕ್ಸಿಮೀಟರ್ ತೋರಿಸುವ ಅಂಕಿಯನ್ನು ನೆಚ್ಚಿಕೊಂಡು ಕುಳಿತುಕೊಳ್ಳಬಾರದು, ಅದು ಇಳಿಯುವಷ್ಟರಲ್ಲಿ ಉಸಿರಾಟದ ಸ್ನಾಯುಗಳು ಬಹುತೇಕ ಸೋತಿರುತ್ತವೆ. ಗಾಯದ ಬಾವಿನ ಅಂಚನ್ನು ಪೆನ್ನಿನಿಂದ ಗುರುತಿಸಿ ಪಕ್ಕದಲ್ಲಿಯೇ ಸಮಯ ಬರೆದರೆ, ಮುಂದಿನ ಪಾಳಿಯವರಿಗೆ ಅದು ಎಷ್ಟು ಬೇಗ ಏರುತ್ತಿದೆ ಎಂಬುದು ತಿಳಿಯುತ್ತದೆ. ಒಸಡು, ಸೂಜಿ ಚುಚ್ಚಿದ ಜಾಗ ಮತ್ತು ಮೂತ್ರದಲ್ಲಿ ರಕ್ತವಿದೆಯೇ ಎಂದೂ ನೋಡಿರಿ.

ರೆಪ್ಪೆ ಜೋತುಬಿದ್ದಿದ್ದರೆ, ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟದಿದ್ದರೆ, ಎಲ್ಲಿಂದಾದರೂ ರಕ್ತ ಸೋರುತ್ತಿದ್ದರೆ, ರಕ್ತದೊತ್ತಡ ಕುಸಿದಿದ್ದರೆ, ಅಥವಾ ಬಾವು ವೇಗವಾಗಿ ಏರಿ ಕಚ್ಚಿದ ಕೈಕಾಲಿನ ಅರ್ಧವನ್ನು ದಾಟಿದ್ದರೆ ಪ್ರತಿವಿಷ ಕೊಡಬೇಕು. ಬರಿಯ ಹಲ್ಲಿನ ಗುರುತಿಗೆ, ಅಥವಾ ಮನೆಯವರ ಒತ್ತಾಯಕ್ಕೆ ಕೊಡಬಾರದು. ವಿಷಹಾವು ಕಚ್ಚಿದರೂ ವಿಷ ಇಳಿಯದಿರುವ ಪ್ರಸಂಗಗಳು ಬಹಳ. ಆರಂಭದ ಡೋಸು 10 ವಯಲ್. ಈ ಸಂಖ್ಯೆಗೆ ಲೆಕ್ಕವಿದೆ: ಕೊಳಕುಮಂಡಲ ಒಂದು ಕಡಿತಕ್ಕೆ ಸರಾಸರಿ 63 ಮಿ.ಗ್ರಾಂ. ವಿಷವನ್ನು ಇಳಿಸುತ್ತದೆ, 1 ಮಿ.ಲೀ. ಪ್ರತಿವಿಷ ಅದರ 0.6 ಮಿ.ಗ್ರಾಂ.ನಷ್ಟನ್ನು ತಟಸ್ಥಗೊಳಿಸುತ್ತದೆ, ಒಂದು ವಯಲ್ ಎಂದರೆ 10 ಮಿ.ಲೀ. ಹಾವು ಮಕ್ಕಳಿಗೆಂದು ಕಡಿಮೆ ವಿಷ ಬಿಡುವುದಿಲ್ಲವಾದ್ದರಿಂದ ಮಕ್ಕಳಿಗೂ ಗರ್ಭಿಣಿಯರಿಗೂ ಅದೇ 10 ವಯಲ್. ಮಕ್ಕಳಲ್ಲಿ ಬೆರೆಸುವ ದ್ರವದ ಪ್ರಮಾಣವನ್ನು ಮಾತ್ರ ತೂಕಕ್ಕೆ ತಕ್ಕಂತೆ ಕಡಿಮೆ ಮಾಡಬೇಕು. ಪುಡಿಯ ರೂಪದ ವಯಲನ್ನು ಕುಲುಕದೆ ಮೆಲ್ಲಗೆ ತಿರುಗಿಸಿ ಕರಗಿಸಬೇಕು, ಕುಲುಕಿದರೆ ನೊರೆಯೇಳುತ್ತದೆ. ಕರಗಿದ್ದನ್ನು ಸಲೈನಿನಲ್ಲಿ ಬೆರೆಸಿ, ಮೊದಲ 10–15 ನಿಮಿಷ ನಿಧಾನವಾಗಿ ಬಿಟ್ಟು, ಒಟ್ಟು ಒಂದು ಗಂಟೆಯೊಳಗೆ ಮುಗಿಸಬೇಕು. ಚರ್ಮದಡಿ ಟೆಸ್ಟ್ ಡೋಸ್ ಕೊಡುವ ಹಳೆಯ ಪದ್ಧತಿಯನ್ನು ಕೈಬಿಡಬೇಕು. ಅದು ಅಲರ್ಜಿಯನ್ನು ಮುಂಗಾಣುವುದಿಲ್ಲ, ಹೊತ್ತನ್ನಷ್ಟೇ ಹಾಳುಮಾಡುತ್ತದೆ.

ಅಲರ್ಜಿಯ ಭಯದಿಂದಲೇ ಸಣ್ಣ ಆಸ್ಪತ್ರೆಗಳು ಪ್ರತಿವಿಷ ಕೊಡಲು ಹಿಂಜರಿಯುತ್ತವೆ. ಈ ಭಯಕ್ಕೆ ಪರಿಹಾರ ಸಿರಿಂಜಿನಲ್ಲಿದೆ. ಡ್ರಿಪ್ ಆರಂಭಿಸುವ ಮೊದಲೇ ಅಡ್ರಿನಾಲಿನ್ ತುಂಬಿದ ಸಿರಿಂಜನ್ನು ಹೆಸರು ಬರೆದು ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳಿರಿ. ತುರಿಕೆ, ಮೈಮೇಲೆ ದದ್ದು, ಚಳಿ, ವಾಂತಿ, ಉಬ್ಬಸ ಅಥವಾ ರಕ್ತದೊತ್ತಡದ ಕುಸಿತ, ಇವುಗಳಲ್ಲಿ ಒಂದು ಕಂಡರೂ ಪ್ರತಿವಿಷವನ್ನು ನಿಲ್ಲಿಸಿ, ವಯಸ್ಕರಿಗೆ 0.5 ಮಿ.ಗ್ರಾಂ., ಮಕ್ಕಳಿಗೆ ಕಿಲೋ ತೂಕಕ್ಕೆ 0.01 ಮಿ.ಗ್ರಾಂ. ಅಡ್ರಿನಾಲಿನ್ ಅನ್ನು ತೊಡೆಯ ಸ್ನಾಯುವಿಗೆ ಕೊಡಬೇಕು. ಸ್ನಾಯುವಿಗೆ ಚುಚ್ಚಬಾರದೆಂಬ ಮೇಲಿನ ಮಾತಿಗೆ ಇದು ಅಪವಾದ. ಪರಿಣಾಮ ಸಾಲದಿದ್ದರೆ ಮತ್ತೆ ಕೊಡಬೇಕು. ಹೈಡ್ರೋಕಾರ್ಟಿಸೋನ್ ಮತ್ತು ತುರಿಕೆಯ ಇಂಜೆಕ್ಷನ್‌ಗಳು ಅನಂತರ ಬರಲಿ. ಲಕ್ಷಣಗಳು ಶಮನವಾದ ಮೇಲೆ ಅದೇ ಪ್ರತಿವಿಷವನ್ನು ನಿಧಾನವಾಗಿ ಮುಂದುವರಿಸಬೇಕು. ಅಲರ್ಜಿಯಾಯಿತೆಂದು ಪೂರ್ತಿ ನಿಲ್ಲಿಸಿಬಿಟ್ಟರೆ ವಿಷ ಹಾಗೆಯೇ ಉಳಿಯುತ್ತದೆ.

ನರದ ಲಕ್ಷಣವಿದ್ದವರಿಗೆ ಅಟ್ರೋಪಿನ್ 0.6 ಮಿ.ಗ್ರಾಂ. ಮತ್ತು ಅದರ ಹಿಂದೆಯೇ ನಿಯೋಸ್ಟಿಗ್ಮಿನ್ 1.5 ಮಿ.ಗ್ರಾಂ. ರಕ್ತನಾಳಕ್ಕೆ ಕೊಟ್ಟು, ರೆಪ್ಪೆ ಏರುತ್ತದೆಯೇ ಎಂದು 10, 20, 30 ನಿಮಿಷಗಳಲ್ಲಿ ನೋಡಬೇಕು (ಇದು ವಯಸ್ಕರ ಪ್ರಮಾಣ). ನಾಗರಹಾವಿನ ಕಡಿತದಲ್ಲಿ ಇದರಿಂದ ಒಳ್ಳೆಯ ಫಲ ಸಿಗಬಹುದು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುವುದರಿಂದ ಅಲ್ಲಿ ಹೆಚ್ಚಿನ ನಿರೀಕ್ಷೆ ಬೇಡ. ಎಂಜಲು ಗಂಟಲಿನಲ್ಲಿ ನಿಲ್ಲತೊಡಗಿದರೆ, ತಲೆ ಎತ್ತಲು ಆಗದಿದ್ದರೆ, ಎಣಿಕೆ ಇಳಿಯುತ್ತಿದ್ದರೆ ಉಸಿರು ನಿಲ್ಲುವವರೆಗೆ ಕಾಯದೆ ಶ್ವಾಸನಾಳಕ್ಕೆ ಟ್ಯೂಬ್ ಹಾಕಬೇಕು. ವೆಂಟಿಲೇಟರ್ ಇಲ್ಲದಿದ್ದರೆ ಅಂಬು ಬ್ಯಾಗನ್ನು ಕೈಯಿಂದಲೇ ಒತ್ತುತ್ತ, ಸರದಿಯಲ್ಲಿ ಕೈ ಬದಲಿಸುತ್ತ ಗಂಟೆಗಟ್ಟಲೆ ಜೀವ ಹಿಡಿದಿಡಬಹುದು. ಪೂರ್ತಿ ಸೋತ ರೋಗಿಯ ಪಾಪೆ ಹಿಗ್ಗಿ, ಬೆಳಕಿಗೆ ಕುಗ್ಗದೆ, ಕೈಕಾಲು ಅಲುಗದೆ ಇರುವುದನ್ನು ನೋಡಿ ಮೆದುಳು ಸತ್ತಿದೆಯೆಂದು ತೀರ್ಮಾನಿಸುವುದು ದೊಡ್ಡ ಅಪಾಯ. ಆ ರೋಗಿಗೆ ಪ್ರಜ್ಞೆ ಇರಬಹುದು. ನೀವು ಹಾಸಿಗೆಯ ಪಕ್ಕದಲ್ಲಿ ಆಡುವ ಪ್ರತಿ ಮಾತು ಕೇಳಿಸುತ್ತಿರಬಹುದು. ತುಳುವಾದರೆ ತುಳುವಿನಲ್ಲಿ, ಮಲಯಾಳವಾದರೆ ಮಲಯಾಳದಲ್ಲಿ, ಅವರ ಮನೆಮಾತಿನಲ್ಲಿಯೇ ಹೆಸರು ಹಿಡಿದು ಕರೆದು, ಏನು ಮಾಡುತ್ತಿದ್ದೇವೆಂದು ತಿಳಿಸುತ್ತಿರಿ. ಟ್ಯೂಬಿನಲ್ಲಿರುವವರಿಗೆ ನೋವು ಮತ್ತು ಭಯ ಕಡಿಮೆಯಾಗುವ ಮದ್ದನ್ನು ಮರೆಯಬೇಡಿ.

ರಕ್ತ ಹೆಪ್ಪುಗಟ್ಟದ ರೋಗಿಗಳಲ್ಲಿ ಪ್ರತಿವಿಷ ಕೊಟ್ಟ ಅರ್ಧ ಗಂಟೆಗೆಲ್ಲ ಟೆಸ್ಟ್ ಟ್ಯೂಬ್ ನೋಡಿ ಗಾಬರಿಯಾಗಬಾರದು. ಕಳೆದುಹೋದ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಸುಮಾರು 6 ಗಂಟೆ ಬೇಕು. ಆಗ ಪರೀಕ್ಷೆ ಮಾಡಿ, ಇನ್ನೂ ಹೆಪ್ಪುಗಟ್ಟದಿದ್ದರೆ ಇನ್ನೊಮ್ಮೆ 10 ವಯಲ್ ಕೊಡಬೇಕು. ಆದರೆ ಇಲ್ಲಿ ನಮ್ಮ ಮಲೆಗಳಿಗೆ ಸಂಬಂಧಿಸಿದ ತೊಡಕೊಂದಿದೆ. ರಬ್ಬರ್ ತೋಟದ ತರಗೆಲೆಗಳ ನಡುವೆ ಇರುವ, ಮೂತಿಯ ತುದಿ ಮೇಲಕ್ಕೆ ಬಾಗಿದ ಸಣ್ಣ ಗುಳಿಮಂಡಲದ ವಿಷಕ್ಕೆ ಈ ಪ್ರತಿವಿಷ ನಾಟುವುದಿಲ್ಲ. ಅದನ್ನು ಗರಗಸಮಂಡಲವೆಂದು ತಿಳಿದು ಚಿಕಿತ್ಸೆ ಮಾಡಿದ ಪ್ರಕರಣಗಳು ಕೇರಳದಿಂದಲೇ 2007ರಲ್ಲಿ ವೈದ್ಯಕೀಯ ವರದಿಯಾಗಿ ಪ್ರಕಟವಾದವು. ಟ್ಯಾಪಿಂಗ್ ಮಾಡುವಾಗ ಕಚ್ಚಿದೆ, ಬಾವಿದೆ, ಪ್ರತಿವಿಷ ಕೊಟ್ಟರೂ ರಕ್ತ ಹೆಪ್ಪುಗಟ್ಟುತ್ತಿಲ್ಲ ಎಂದಾದರೆ ವಯಲ್ ಮೇಲೆ ವಯಲ್ ಏರಿಸುತ್ತ ಹೋಗದೆ ಈ ಹಾವನ್ನು ನೆನೆಯಬೇಕು, ಮೂತ್ರಪಿಂಡವನ್ನು ಕಾಯಬೇಕು, ಡಯಾಲಿಸಿಸ್ ಇರುವಲ್ಲಿಗೆ ಬೇಗ ತಲಪಿಸಬೇಕು.

ನೋವಿಗೆ ಪ್ಯಾರಾಸಿಟಮಾಲ್ ಸಾಕು, ಸಾಲದಿದ್ದರೆ ಟ್ರಮಡಾಲ್; ಆಸ್ಪಿರಿನ್, ಡೈಕ್ಲೊಫೆನಾಕ್ ಬೇಡವೇ ಬೇಡ, ಅವು ರಕ್ತಸ್ರಾವವನ್ನೂ ಮೂತ್ರಪಿಂಡದ ತೊಂದರೆಯನ್ನೂ ಹೆಚ್ಚಿಸುತ್ತವೆ. ಗಾಯವನ್ನು ಕೊಯ್ಯಬಾರದು. ಟಿಟಿ ಇಂಜೆಕ್ಷನ್ ಕೊಡುವುದು ರಕ್ತ ಹೆಪ್ಪುಗಟ್ಟತೊಡಗಿದ ಬಳಿಕ. ಮೂತ್ರವನ್ನು ಗಂಟೆಗೊಮ್ಮೆ ಅಳೆಯಬೇಕು. ಅದು ಕಡಿಮೆಯಾದರೆ, ಚಹಾದ ಬಣ್ಣಕ್ಕೆ ತಿರುಗಿದರೆ, ಅಥವಾ ಸೊಂಟದ ಎರಡು ಬದಿಗಳಲ್ಲಿ ನೋವು ಬಂದರೆ ಮೂತ್ರಪಿಂಡ ಸೋಲುತ್ತಿದೆಯೆಂದು ತಿಳಿಯಬೇಕು.

ಕಳುಹಿಸಬೇಕಾದಾಗ ಉಕ್ಕಿನಡ್ಕ ಅಥವಾ ಪರಿಯಾರಂ ಮೆಡಿಕಲ್ ಕಾಲೇಜು, ಮಂಗಳೂರು ಎಂಬುದನ್ನು ಅಭ್ಯಾಸಬಲದಿಂದ ನಿರ್ಧರಿಸದೆ, ಎಲ್ಲಿ ಆ ಹೊತ್ತಿಗೆ ವೆಂಟಿಲೇಟರ್ ಮತ್ತು ಡಯಾಲಿಸಿಸ್ ಖಾಲಿಯಿದೆ ಎಂದು ಫೋನ್ ಮಾಡಿ ಕೇಳಿಕೊಂಡೇ ಹೊರಡಿಸಬೇಕು. ಪ್ರತಿವಿಷದ ಡ್ರಿಪ್ ಮುಗಿದಿರಬೇಕು, ಇಲ್ಲವೇ ಅಡ್ರಿನಾಲಿನ್ ಕೊಡಬಲ್ಲವರ ಕಣ್ಣೆದುರು ಓಡುತ್ತಿರಬೇಕು. ರೆಪ್ಪೆ ಬಿದ್ದವರನ್ನು, ಧ್ವನಿ ಬದಲಾದವರನ್ನು ಟ್ಯೂಬ್ ಹಾಕದೆ, ಅಥವಾ ಹಾಕಬಲ್ಲವರು ಜತೆಗಿಲ್ಲದೆ 108ರಲ್ಲಿಯೂ ಕಳುಹಿಸಬಾರದು, ಖಾಸಗಿ ಕಾರಿನಲ್ಲಂತೂ ಸಲ್ಲದು. ಪತ್ರದಲ್ಲಿ ಕಚ್ಚಿದ ಸಮಯ, ಕೊಟ್ಟ ವಯಲ್‌ಗಳ ಸಂಖ್ಯೆ, ಆರಂಭಿಸಿದ ಸಮಯ, ಪ್ರತಿ ಟೆಸ್ಟ್ ಟ್ಯೂಬಿನ ಫಲಿತಾಂಶ, ಅಲರ್ಜಿ ಮತ್ತು ಮೂತ್ರದ ಪ್ರಮಾಣ ಇರಲಿ. ಇವು ಇಲ್ಲದಿದ್ದರೆ ಅಲ್ಲಿನವರು ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

ಗುಣವಾಗಿ ಮನೆಗೆ ಹೋಗುವವರಿಗೆ ಮುಂದಿನ ಒಂದೆರಡು ವಾರಗಳಲ್ಲಿ ಜ್ವರ, ಗಂಟುನೋವು, ಮೈಯಲ್ಲಿ ದದ್ದು ಬರಬಹುದೆಂದು ಮೊದಲೇ ಹೇಳಿಡಬೇಕು. ಅದು ಪ್ರತಿವಿಷಕ್ಕೆ ದೇಹ ತೋರುವ ತಡವಾದ ಪ್ರತಿಕ್ರಿಯೆ, ಸ್ಟಿರಾಯ್ಡ್ ಮಾತ್ರೆಯಿಂದ ಇಳಿಯುತ್ತದೆ. ವಿಷ ಮತ್ತೆ ಏರಿತೆಂದು ಹೆದರಿ ಬೇರೆ ಮದ್ದಿಗೆ ಹೋಗದೆ ಇದೇ ಆಸ್ಪತ್ರೆಗೆ ಬರಬೇಕೆಂದು ಡಿಸ್‌ಚಾರ್ಜ್ ಚೀಟಿಯಲ್ಲಿ ಅವರು ಓದಬಲ್ಲ ಭಾಷೆಯಲ್ಲಿ ಬರೆದುಕೊಡಿ.